ಹೆಸರಿಡುವುದು, ಹೆಸರು ಹಿಡಿದು ಕರೆಯುವುದು

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಪೋಷಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಕನ್ನಡ ಕಲಿಸುವವರೆಂಬ ಕಾರಣಕ್ಕೆ ನಮ್ಮಲ್ಲಿಗೆ ಆಗಾಗ ಬರುವ ಬೇಡಿಕೆಯೊಂದಿದೆ. ಮನೆಯಲ್ಲಿ ಮಗು ಹುಟ್ಟಿದ ವಾರದೊಳಗೆ ನಮ್ಮ ಹಳೆಯ ವಿದ್ಯಾರ್ಥಿಗಳು ದೂರವಾಣಿ ಮಾಡಿ, “ಟೀಚರ್, ಅಶ್ವಿನಿ ನಕ್ಷತ್ರ, ‘ಚು’ ಅಥವಾ ‘ಚೆ’ ಅಕ್ಷರದಲ್ಲಿ ಒಂದು ಹೆಸರು ಹೇಳಿ, ಹೊಸದಾಗಿರಬೇಕು, ಯಾರೂ ಇಟ್ಟಿರಬಾರದು” ಎನ್ನುತ್ತಾರೆ. ಅರ್ಥದ ಮಾತು ಕೊನೆಗೆ ಬರುತ್ತದೆ; ಕೆಲವೊಮ್ಮೆ ಬರುವುದೇ ಇಲ್ಲ. ಆ ಹೆಸರನ್ನು ಯಾರು ಯಾರು ಕರೆಯಬೇಕಾಗಿದೆ ಎಂಬುದನ್ನು ಮಾತ್ರ ಈವರೆಗೆ ಒಬ್ಬರೂ ಕೇಳಿಲ್ಲ. ಆ ಕೇಳದ ಪ್ರಶ್ನೆಯನ್ನೇ ಇಂದಿನ ಮಾತಿಗೆ ಎತ್ತಿಕೊಂಡಿದ್ದೇವೆ.

ಹದಿನಾರು ಸಂಸ್ಕಾರಗಳಲ್ಲಿ ನಾಮಕರಣವೂ ಒಂದೆಂಬುದು ತಮಗೆ ತಿಳಿದದ್ದೇ. ಹತ್ತನೆಯ ಅಥವಾ ಹನ್ನೆರಡನೆಯ ದಿನ ಹೆಸರಿಡಬೇಕೆಂದು ಮನುಸ್ಮೃತಿ ಹೇಳುತ್ತದೆ. ಹನ್ನೊಂದನೆಯ ದಿನವೂ ರೂಢಿಯಲ್ಲಿದೆ. ಪಾರಸ್ಕರ ಗೃಹ್ಯಸೂತ್ರವು ಹೆಸರಿನ ರೂಪವನ್ನೇ ವಿಧಿಸುತ್ತದೆ. ಗಂಡುಮಗುವಿನ ಹೆಸರು ಎರಡು ಅಥವಾ ನಾಲ್ಕು ಅಕ್ಷರದ್ದಾಗಿರಬೇಕು, ಘೋಷಾಕ್ಷರದಿಂದ ಆರಂಭವಾಗಬೇಕು, ನಡುವೆ ಯ, ರ, ಲ, ವಗಳಲ್ಲೊಂದು ಬರಬೇಕು, ಕೊನೆಯಲ್ಲಿ ದೀರ್ಘಸ್ವರವೋ ವಿಸರ್ಗವೋ ಇರಬೇಕು, ಕೃದಂತವಾಗಿರಬೇಕು, ತದ್ಧಿತಾಂತವಾಗಬಾರದು. ಹೆಣ್ಣುಮಗುವಿನ ಹೆಸರು ಬೆಸ ಸಂಖ್ಯೆಯ ಅಕ್ಷರಗಳದ್ದಾಗಿ ‘ಆ’ ಎಂದು ಕೊನೆಗೊಳ್ಳಬೇಕು. ‘ದೇವಃ’ ಎಂಬ ಎರಡಕ್ಷರದ ಹೆಸರು ಗಂಡುಮಗುವಿನ ಈ ನಿಯಮಗಳಿಗೆಲ್ಲ ಹೊಂದುತ್ತದೆ. ವ್ಯಾಕರಣವನ್ನು ಏಕೆ ಓದಬೇಕೆಂದು ಮಹಾಭಾಷ್ಯದ ಮೊದಲಿಗೇ ವಿವರಿಸುವ ಪತಂಜಲಿಯು, ಮಗುವಿಗೆ ಸರಿಯಾದ ಹೆಸರಿಡುವುದಕ್ಕೂ ಓದಬೇಕು ಎಂದು ಸೇರಿಸುತ್ತಾನೆ. ಕೃತ್, ತದ್ಧಿತಗಳು ಪರೀಕ್ಷೆಗಲ್ಲದೆ ಬೇರೆ ಯಾವುದಕ್ಕೂ ಬರವೆಂದು ನಂಬಿರುವ ನಮ್ಮ ಮಕ್ಕಳು ಇದನ್ನು ಗಮನಿಸಬೇಕು!

ಈ ನಿಯಮಗಳು ಕಣ್ಣಿಗಿಂತ ಕಿವಿಗೆ ಸಂಬಂಧಿಸಿದವು ಎಂಬುದು ನಮ್ಮ ಊಹೆ. ಘೋಷಾಕ್ಷರ ಸ್ಫುಟವಾಗಿ ಕೇಳುತ್ತದೆ. ಅಂತಸ್ಥ ನಾಲಿಗೆಗೆ ತೊಡಕಾಗದು. ಕೊನೆಯ ದೀರ್ಘವು ಅಂಗಳದಾಚೆಯ ಮಗುವನ್ನು ಕೂಗಲು ಅನುಕೂಲ. ಹೆಸರು ಕರೆಯುವುದಕ್ಕಾಗಿ ಇರುವುದೆಂಬ ತಿಳಿವಳಿಕೆ ಅದರ ಹಿಂದೆ ಇದ್ದಂತೆ ತೋರುತ್ತದೆ.

ನಕ್ಷತ್ರದ ಅಕ್ಷರವೋ? ಇಪ್ಪತ್ತೇಳು ನಕ್ಷತ್ರಗಳಿಗೆ ನಾಲ್ಕು ನಾಲ್ಕು ಪಾದಗಳಂತೆ 108 ಅಕ್ಷರಗಳು ಪಂಚಾಂಗದಲ್ಲಿವೆ. ಆ ಪಟ್ಟಿಯಲ್ಲಿ ಆರ್ದ್ರಾ ನಕ್ಷತ್ರಕ್ಕೆ ‘ಙ’, ಉತ್ತರಾಭಾದ್ರೆಗೆ ‘ಞ’ ಕೂಡ ಬರುತ್ತವೆ. ಙಕಾರದಿಂದ ಆರಂಭವಾಗುವ ಒಂದು ಹೆಸರನ್ನು ಯಾವ ಪಂಡಿತರಾದರೂ ಹುಡುಕಿಕೊಟ್ಟರೆ ನಾವು ಶಾಲೆಯ ಫಲಕದಲ್ಲಿ ಬರೆಸುತ್ತೇವೆ. ಪರಿಹಾರ ಹಿಂದಿನವರಲ್ಲಿಯೇ ಇದೆ. ಉಪನಯನದವರೆಗೆ ತಾಯಿತಂದೆಯರಿಗಷ್ಟೇ ತಿಳಿದಿರಬೇಕಾದ ಒಂದು ಹೆಸರನ್ನು ಆಶ್ವಲಾಯನ ಗೃಹ್ಯಸೂತ್ರವು ಬೇರೆಯಾಗಿಯೇ ಹೇಳುತ್ತದೆ; ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯವಹಾರನಾಮ ಎಂದು ನಾಲ್ಕನ್ನು ಎಣಿಸುವ ಸಂಪ್ರದಾಯವೂ ಇದೆ. ನಕ್ಷತ್ರನಾಮ ಜಾತಕದಲ್ಲಿ, ಸಂಕಲ್ಪದಲ್ಲಿ ಇರಲಿ. ಅದಕ್ಕಾಗಿ ವ್ಯವಹಾರನಾಮವನ್ನು ತಿರುಚಬೇಕಾಗಿಲ್ಲ.

ಭಾಗವತದ ಆರನೆಯ ಸ್ಕಂಧದ ಅಜಾಮಿಳನ ಕಥೆ ತಮಗೆಲ್ಲ ಗೊತ್ತು. ದಾರಿ ತಪ್ಪಿದ ಆ ಮನುಷ್ಯ ಕಡೆಗಾಲದಲ್ಲಿ ‘ನಾರಾಯಣ’ ಎಂದು ಕರೆದು ಯಮದೂತರಿಂದ ಬಿಡುಗಡೆ ಪಡೆದ. ಭಗವನ್ನಾಮದ ಮಹಿಮೆಗೆ ಈ ಕಥೆಯನ್ನು ಹೇಳುವುದುಂಟು. ನಮಗೆ ಅದರ ಮತ್ತೊಂದು ಮುಖವೂ ಮುಖ್ಯ. ಅವನು ಕರೆದದ್ದು ದೇವರನ್ನಲ್ಲ, ತನ್ನ ಕಿರಿಯ ಮಗನನ್ನು. ತಾನು ಉಣ್ಣುವಾಗ ಮಗನಿಗೆ ಉಣಿಸುತ್ತ, ಕುಡಿಯುವಾಗ ಕುಡಿಸುತ್ತ, ದಿನಕ್ಕೆಷ್ಟೋ ಸಲ ಕರೆದು ಕರೆದು ಆ ಹೆಸರು ನಾಲಿಗೆಯ ಮೇಲೆ ನೆಲೆಯಾಗಿತ್ತು. ತೊಟ್ಟಿಲ ಶಾಸ್ತ್ರದ ದಿನ ತಟ್ಟೆಯ ಅಕ್ಕಿಯಲ್ಲಿ ಚಿನ್ನದ ಉಂಗುರದಿಂದ ಬರೆದ ಹೆಸರು ಆ ಅಕ್ಕಿಯೊಂದಿಗೆ ಅಳಿಸಿಹೋಗುತ್ತದೆ. ಸೋದರತ್ತೆ ಕಿವಿಯಲ್ಲಿ ಉಸುರಿದ್ದು, ಅನಂತರ ಹತ್ತು ಮಂದಿ ಕರೆದದ್ದು ಉಳಿಯುತ್ತದೆ.

ನಮ್ಮ ಸುತ್ತಲಿನ ಹಳೆಯ ಹೆಸರುಗಳನ್ನು ಈ ದೃಷ್ಟಿಯಿಂದ ನೋಡಬೇಕು. ಮರುದಮಲೆಯ ಮುರುಗನಿಂದ ಮರುದಾಚಲಂ, ಕಾರಮಡೆಯ ರಂಗನಾಥನಿಂದ ರಂಗಸ್ವಾಮಿ, ರಂಗಮ್ಮ. ಹೆಸರು ಕೂಗಿದರೆ ಬೆಟ್ಟವೂ ಗುಡಿಯೂ ನೆನಪಿಗೆ ಬರುತ್ತವೆ. ತಿರುಪ್ಪೂರಿನಲ್ಲಿ 1903ರಲ್ಲಿ ಹುಟ್ಟಿದ ಮಗುವೊಂದಕ್ಕೆ ಅವಿನಾಶಿಯ ಸ್ವಾಮಿಯ ಹೆಸರನ್ನಿಟ್ಟರು. ನಾಶವಿಲ್ಲದ್ದು ಎಂಬುದು ಆ ಊರಿನ ಹೆಸರಿನ ಅರ್ಥ. ಆ ಮಗುವೇ ಮುಂದೆ ಮದರಾಸು ಪ್ರಾಂತ್ಯದ ಶಿಕ್ಷಣ ಸಚಿವರಾದ, ಕೊಯಮತ್ತೂರಿನ ರಾಮಕೃಷ್ಣ ವಿದ್ಯಾಲಯವನ್ನು 1930ರಲ್ಲಿ ಆರಂಭಿಸಿದ ಟಿ. ಎಸ್. ಅವಿನಾಶಿಲಿಂಗಂ ಚೆಟ್ಟಿಯಾರ್. ಅವರು 1957ರಲ್ಲಿ ಸ್ಥಾಪಿಸಿದ ಮಹಿಳಾ ಕಾಲೇಜು ಇಂದು ವಿಶ್ವವಿದ್ಯಾಲಯದ ಮಟ್ಟಕ್ಕೆ ಬೆಳೆದಿದೆ. ಹೆಣ್ಣುಮಕ್ಕಳ ಪದವಿಪತ್ರದ ಮೇಲೆ ಆ ಹೆಸರು ಇಂದಿಗೂ ಅಚ್ಚಾಗುತ್ತಿದೆ.

ನಮ್ಮ ದೇವಾಂಗ ಮನೆಗಳ ಕುಲದೇವತೆ ಚೌಡೇಶ್ವರಿ. ಈ ಸೀಮೆಯಲ್ಲಿ ಅವಳನ್ನು ರಾಮಲಿಂಗ ಚೌಡೇಶ್ವರಿ ಎಂದೇ ಕರೆಯುವುದು ವಾಡಿಕೆ. ನೇಕಾರ ವಚನಕಾರ ದಾಸಿಮಯ್ಯನ ಅಂಕಿತ ‘ರಾಮನಾಥ’. ರಾಮನು ಪೂಜಿಸಿದ ಲಿಂಗ, ರಾಮನಿಗೆ ನಾಥನಾದವನು. ಎರಡೂ ಹೆಸರು ಶಿವನನ್ನೇ ಕುರಿತವು. ಕಲ್ಯಾಣದ ಸೀಮೆಯ ಮಗ್ಗದಲ್ಲಿ ಕೇಳಿದ ಹೆಸರು ನೊಯ್ಯಲ್ ದಂಡೆಯ ಮಗ್ಗದಲ್ಲಿಯೂ ಕೇಳುತ್ತಿದೆಯೆಂದರೆ, ಅದನ್ನು ಉಳಿಸಿದ್ದು ಗ್ರಂಥವಲ್ಲ, ರಾಮಲಿಂಗ ಎಂದು ಮಕ್ಕಳನ್ನು ಊಟಕ್ಕೆ ಕರೆದ ತಾಯಂದಿರು.

ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿ ಎರಡೂ ಭಾಷೆಯವರಲ್ಲಿದೆ. ಹೆಸರು ಮೂರು ತಲೆಮಾರಿನ ಹಿರಿಯರನ್ನು ನೆನಪಿಸುವಂತಿರಬೇಕು ಎಂಬ ಮಾತು ಪತಂಜಲಿಯಲ್ಲಿಯೂ ಇದೆ. ತಮಿಳಿನಲ್ಲಿ ಹೆಸರಿಗೆ ‘ಪೆಯರ್’, ‘ಪೇರ್’. ಮೊಮ್ಮಗ ‘ಪೇರನ್’, ಅಂದರೆ ಹೆಸರನ್ನು ಹೊತ್ತವನು. ನಮ್ಮ ಹಳಗನ್ನಡದ ‘ಪೆಸರ್’ ಇದೇ ಬೇರಿನದು. ಆದರೆ ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೀಗಾಗಿ ಮಗನನ್ನು ‘ಅಪ್ಪಯ್ಯ’ ಎಂದೋ ‘ಪುಟ್ಟ’ ಎಂದೋ ಕರೆಯುತ್ತಿದ್ದಳು. ತಂಟೆ ಮಾಡಿದ ಹುಡುಗನನ್ನು ಬಯ್ಯುವಾಗಲೂ ಹಿರಿಯರ ಹೆಸರೆಂದು ನಾಲಿಗೆ ತಡೆಯುತ್ತಿದ್ದುದು ಆ ಪದ್ಧತಿಯ ಸೊಗಸು.

ಈಗ ನಮ್ಮ ನೆಲದ ವಿಶೇಷ ತೊಡಕಿಗೆ ಬರುತ್ತೇವೆ. ತಮಿಳುನಾಡಿನ 2006ರ ತಮಿಳು ಕಲಿಕೆಯ ಕಾಯಿದೆಯಿಂದ ನಮ್ಮ ಮಕ್ಕಳು ಮೊದಲ ತರಗತಿಯಿಂದಲೇ ತಮಿಳನ್ನೂ ಕಲಿಯುತ್ತಾರೆ. ಇದರಿಂದ ಅವರಿಗೆ ಲಾಭವೇ ಆಗಿದೆ. ಆದರೆ ತಮಿಳು ಲಿಪಿಯಲ್ಲಿ ಕ–ಗ, ತ–ದ, ಪ–ಬಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲ, ಮಹಾಪ್ರಾಣವೂ ಇಲ್ಲ. ‘ಧಾರಾ’ ಎಂದರೂ ‘ತಾರಾ’ ಎಂದರೂ ಒಂದೇ ಬರಹ. ‘ಭಾವನಾ’ ಎಂದು ಬರೆದರೆ ‘ಪಾವನಾ’ ಎಂದು ಓದಿದರೂ ಓದಿಯಾರು. ಅಲ್ಲಿ ನಷ್ಟವೇನಿಲ್ಲ, ಅರ್ಥ ಇನ್ನೂ ಪವಿತ್ರವೇ ಆಯಿತು! ಚೌಡಮ್ಮ ಸವುಡಮ್ಮನಾಗುವುದು ಇಲ್ಲಿ ಹಳೆಯ ಮಾತು. ನಾವೂ ತಮಿಳಿಗೆ ಇದನ್ನೇ ಮಾಡುತ್ತೇವೆ. ಹಳಗನ್ನಡದಲ್ಲಿದ್ದ ೞಕಾರವನ್ನು ಕಳೆದುಕೊಂಡು, ನೆರೆಮನೆಯ ಕನಿಮೊೞಿಯನ್ನು ಕನಿಮೊಳಿ ಎನ್ನುತ್ತೇವೆ.

ಎರಡೂ ಬಾಯಿಗಳಲ್ಲಿ ಮೂಲಾರ್ಥ ಕೆಡದೆ ನಿಲ್ಲುವ ಹೆಸರುಗಳು ಬೇಕಾದಷ್ಟಿವೆ. ಅವರ ಪೊನ್ನಮ್ಮಾಳ್ ನಮ್ಮ ಹೊನ್ನಮ್ಮ. ಮೈಸೂರಿನ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಬರೆದಳು, ಹೆಣ್ಣೆಂದು ಹಳಿಯುವವರನ್ನು ಆ ಕಾವ್ಯದಲ್ಲಿಯೇ ನೇರವಾಗಿ ಪ್ರಶ್ನಿಸಿದಳು.

ಅವಳ ಪ್ರಶ್ನೆ ಹೆಸರಿಗೂ ತಗಲುತ್ತದೆ. ಕೂಸುಗಳನ್ನು ಕಳೆದುಕೊಂಡ ಮನೆಯವರು ಮೃತ್ಯುವಿನ ಕಣ್ಣು ಬೀಳದಿರಲೆಂದು ತಿಪ್ಪಯ್ಯ, ತಿಪ್ಪಮ್ಮ, ಕುಪ್ಪನ್, ಪಿಚ್ಚೈ ಎಂದು ಹೆಸರಿಡುತ್ತಿದ್ದರು. ತಿಪ್ಪೆಯಲ್ಲಿ ಎಸೆದದ್ದು, ಭಿಕ್ಷೆಯಾಗಿ ಬಂದದ್ದು, ಇದರ ಗೊಡವೆ ನಿನಗೆ ಬೇಡ ಎಂದು ಸಾವಿಗೆ ಹೇಳಿದ ಸುಳ್ಳು ಅದು. ಅಷ್ಟು ಪ್ರೀತಿಯ ಸುಳ್ಳಿಗೆ ನಗುವುದು ಸಲ್ಲದು. ಆದರೆ ‘ವೇಂಡಾಂ’, ‘ಪೋದುಂ ಪೊಣ್ಣು’, ನಮ್ಮ ಕಡೆ ‘ಸಾಕಮ್ಮ’ ಎಂಬ ಹೆಸರುಗಳ ಬಗೆ ಬೇರೆ. ಹೆಣ್ಣು ಸಾಕು, ಮುಂದಿನದು ಗಂಡಾಗಲಿ ಎಂಬ ಹರಕೆ ಅದು. ಹೊರುವವಳು ಮಾತ್ರ ಈ ಮಗು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ‘ನಕೋಶಿ’, ಅಂದರೆ ಬೇಡವಾದವಳು, ಎಂದು ಹೆಸರು ಹೊತ್ತ 200ಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ 2011ರ ಅಕ್ಟೋಬರಿನಲ್ಲಿ ಸಮಾರಂಭ ಮಾಡಿ ಹೊಸ ಹೆಸರುಗಳನ್ನು ಕೊಟ್ಟರು. ಕರೆಯುವುದರಲ್ಲಿ ಪುಣ್ಯವಿದೆಯೆಂದು ಅಜಾಮಿಳನ ಕಥೆಯಿಂದ ನಂಬುವವರು, ಬೇಡ ಬೇಡ ಎಂದು ದಿನವೂ ಕರೆಯುವುದರ ಫಲವನ್ನೂ ಎಣಿಸಬೇಕಲ್ಲವೇ? ಕನ್ನಡದಲ್ಲಿ ‘ಸಾಕು’ ಎಂಬುದಕ್ಕೆ ಸಲಹು ಎಂಬ ಅರ್ಥವೂ ಇದೆಯೆಂಬುದೊಂದು ಸಮಾಧಾನ. ಬೆಂಗಳೂರಿನಲ್ಲಿ ಕಾಫಿಪುಡಿಯ ಉದ್ಯಮವನ್ನು ಕಟ್ಟಿ ನಡೆಸಿದ ಸಾಕಮ್ಮನವರು ಆ ಎರಡನೆಯ ಅರ್ಥವನ್ನೇ ಬಾಳಿ ತೋರಿಸಿದರು. ಎಲ್ಲ ಹುಡುಗಿಯರೂ ತಮ್ಮ ಹೆಸರಿನೊಡನೆ ಹಾಗೆ ಹೋರಾಡಿ ಗೆಲ್ಲಲೆಂದು ಬಿಡುವುದು ನ್ಯಾಯವಲ್ಲ.

ಛಾಂದೋಗ್ಯದಲ್ಲಿ ಗುರು ಗೋತ್ರವನ್ನು ಕೇಳಿದಾಗ ಬಾಲಕ ಸತ್ಯಕಾಮನು, ತನಗೆ ಗೋತ್ರ ತಿಳಿಯದು, ತಾಯಿ ಜಬಾಲೆ, ಆದ್ದರಿಂದ ತಾನು ಸತ್ಯಕಾಮ ಜಾಬಾಲ ಎಂದು ಉತ್ತರಿಸಿದ. ಗುರು ಅವನನ್ನು ಸೇರಿಸಿಕೊಂಡರು. ಹೆಸರಿನ ಮುಂದೆ ತಾಯಿಯ ಮೊದಲಕ್ಷರವನ್ನು ಬರೆಸಲು ಬರುವ ತಾಯಂದಿರು ನಮ್ಮ ಕಚೇರಿಯ ಬಾಗಿಲಲ್ಲಿ ತಗ್ಗಿದ ದನಿಯಲ್ಲಿ ಮಾತಾಡಬೇಕಾಗಿಲ್ಲ. ಅದು ಉಪನಿಷತ್ತಿನಷ್ಟು ಹಳೆಯ ಪದ್ಧತಿ.

ಕೊನೆಯದಾಗಿ ಕೆಲವು ವ್ಯವಹಾರದ ಮಾತುಗಳು. 1969ರ ಕಾಯಿದೆಯಂತೆ ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಹೆಸರು ನಿಶ್ಚಯವಾಗಿಲ್ಲವೆಂದು ನೋಂದಣಿಯನ್ನು ಮುಂದೂಡಬೇಡಿ. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆ ಮೇಲೆ 15 ವರ್ಷದವರೆಗೆ ತಡದ ಶುಲ್ಕ ಕೊಟ್ಟು ಸೇರಿಸಬಹುದು. ಆದ್ದರಿಂದ ಅವಸರವಿಲ್ಲ. ಆರಿಸಿದ ಹೆಸರನ್ನು ಮೊದಲು ಮನೆಯ ಅಜ್ಜಿಯಿಂದ ಮೂರು ಸಲ ಕರೆಸಿ ನೋಡಿ. ಅವರ ಬಾಯಲ್ಲಿ ಅದು ತುಂಡಾದರೆ ಬೇರೆ ಹೆಸರು ಹುಡುಕಿ. ಅನಂತರ ತಮಿಳಿನಲ್ಲಿ ಬರೆದು, ಮಗುವನ್ನು ಅರಿಯದ ನೆರೆಯವರೊಬ್ಬರಿಂದ ಓದಿಸಿ. ಜೂನ್ ತಿಂಗಳಲ್ಲಿ ಶಾಲೆಗೆ ಸೇರಿಸಲು ಬರುವಾಗ ಹೆಸರನ್ನು ಎರಡೂ ಲಿಪಿಗಳಲ್ಲಿ ಬರೆದ ಚೀಟಿಯನ್ನು ತನ್ನಿ. ಮನೆಯಲ್ಲಿ ಕರೆಯುವ ಹೆಸರನ್ನೂ ಅದರ ಕೆಳಗೆ ಬರೆಯಿರಿ. ಮೊದಲ ವಾರ ಅಳುವ ಮಗುವನ್ನು ಸಮಾಧಾನಪಡಿಸಲು ನಮ್ಮ ಶಿಕ್ಷಕಿಯರಿಗೆ ಆ ಹೆಸರೇ ಬೇಕಾಗುತ್ತದೆ.