ನದಿಯ ನೆನಪಿಗೆ ಎರಡನೆಯ ಮನೆ

(ಛಾಯಾಚಿತ್ರಗಳನ್ನಿಡುವ ಹೊರ ಹಾರ್ಡ್‌ಡಿಸ್ಕ್ ಮತ್ತು ಅದರ ಬ್ಯಾಕಪ್ ಕುರಿತ ಉಪನ್ಯಾಸದ ಪಠ್ಯ)



ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಸಹ್ಯಾದ್ರಿಯ ಕಾಡಿನ ನೀರನ್ನು ಹೊತ್ತು ಪೂರ್ವಕ್ಕೆ ಹರಿಯುತ್ತದೆ. ಎಂ.ಕೆ. ಹುಬ್ಬಳ್ಳಿಯನ್ನು ದಾಟಿ, ಸವದತ್ತಿ ತಾಲ್ಲೂಕಿನ ಮುನವಳ್ಳಿಯ ಬಳಿ ನವಿಲುತೀರ್ಥ ಅಣೆಕಟ್ಟೆಯಲ್ಲಿ ನಿಂತು, ಅಲ್ಲಿಂದ ರಾಮದುರ್ಗದ ಮಗ್ಗುಲಲ್ಲಿ ಸಾಗಿ, ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ರಾಮದುರ್ಗವು ಮಳೆ ಕಡಿಮೆಯಿರುವ ಬಯಲುಸೀಮೆಯ ಊರು. ಆದರೆ ಬೆಟ್ಟದಲ್ಲಿ ಮಳೆ ಮಿತಿಮೀರಿದರೆ ಅದರ ಲೆಕ್ಕ ತೀರುವುದು ಈ ಒಣ ಊರಿನ ಓಣಿಗಳಲ್ಲಿ. 2019ರ ಆಗಸ್ಟ್‌ನಲ್ಲಿ ಆದದ್ದು ಅದೇ. ನದಿಯ ನೀರು ಪಟ್ಟಣದೊಳಗೆ ನುಗ್ಗಿತು. ನೇಕಾರರ ಮನೆಗಳಲ್ಲಿ ಮಗ್ಗಗಳೂ ನೂಲೂ ಹಾಳಾದವು. ನದೀತೀರದ ಹಳ್ಳಿಗಳು ಜಲಾವೃತವಾದವು.

ಇಂಥ ಮಹಾಪೂರದ ನಂತರ ಎರಡು ಪ್ರಶ್ನೆಗಳು ಏಳುತ್ತವೆ. ನೀರು ಎಲ್ಲಿಯವರೆಗೆ ಬಂದಿತ್ತು? ಅದಕ್ಕೆ ಮೊದಲು ಅಲ್ಲಿ ಏನಿತ್ತು? ಎರಡಕ್ಕೂ ಸಾಮಾನ್ಯ ಜನರ ಕೈಯಲ್ಲಿರುವ ಬಲವಾದ ಉತ್ತರವೆಂದರೆ ಛಾಯಾಚಿತ್ರ. ಗೋಡೆಯ ಮೇಲಿನ ಕೆಸರಿನ ಗೆರೆ ಒಂದು ಸುಣ್ಣಕ್ಕೆ ಅಳಿದುಹೋಗುತ್ತದೆ. ಬಿದ್ದ ಮನೆಯ ಜಾಗದಲ್ಲಿ ಹೊಸ ಮನೆ ಏಳುತ್ತದೆ. ಚಿತ್ರ ಮಾತ್ರ ಉಳಿಯುತ್ತದೆ, ಅಥವಾ ಉಳಿಯುತ್ತದೆಂದು ಜನ ನಂಬಿರುತ್ತಾರೆ.

ಈ ನಂಬಿಕೆಯನ್ನು ಪರೀಕ್ಷಿಸಬೇಕಾಗಿದೆ. ಉತ್ತರ ಕರ್ನಾಟಕವು 2009ರಲ್ಲಿ ಭೀಕರ ನೆರೆಯನ್ನು ಕಂಡಿತು. ಮತ್ತೆ 2019ರಲ್ಲಿ ಕಂಡಿತು. ನಡುವೆ ಹತ್ತು ವರ್ಷ. ಮೊದಲ ನೆರೆಯ ಗುರುತನ್ನು ಎರಡನೆಯದರೊಡನೆ ಹೋಲಿಸಬೇಕಾದರೆ ಚಿತ್ರಗಳು ಹತ್ತು ವರ್ಷ ಬಾಳಬೇಕು. ಪೇಟೆಯಲ್ಲಿ ದೊರೆಯುವ ಹೊರ ಹಾರ್ಡ್‌ಡಿಸ್ಕಿಗೆ ತಯಾರಕರು ಕೊಡುವ ಖಾತರಿ ಸಾಮಾನ್ಯವಾಗಿ ಎರಡು ಮೂರು ವರ್ಷ. ಒಂದು ನೆರೆಯಿಂದ ಇನ್ನೊಂದು ನೆರೆಗೆ ಇರುವ ಅಂತರಕ್ಕಿಂತ ಡಿಸ್ಕಿನ ಭರವಸೆಯ ಆಯುಷ್ಯ ಚಿಕ್ಕದು. ನದಿಯ ನೆನಪನ್ನು ಒಂದೇ ಡಿಸ್ಕಿಗೆ ಒಪ್ಪಿಸಿ ನಿಶ್ಚಿಂತರಾಗುವವರು ಈ ಒಂದು ಲೆಕ್ಕವನ್ನು ಮರೆತಿರುತ್ತಾರೆ.

ಡಿಸ್ಕು ಹೊಲ, ಕಣಜವಲ್ಲ

ಚಿತ್ರಗಳನ್ನು ತಿದ್ದುವವರ ಅಭ್ಯಾಸ ಹೀಗಿದೆ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದಾಗುತ್ತದೆ; ಚಿತ್ರಗಳನ್ನೆಲ್ಲ ಹೊರ ಡಿಸ್ಕಿಗೆ ಸಾಗಿಸಿ, ಲ್ಯಾಪ್‌ಟಾಪಿನಿಂದ ಅಳಿಸುತ್ತಾರೆ; ಬಳಿಕ ಆ ಡಿಸ್ಕಿನ ಮೇಲೆಯೇ ಬೆಳಕು, ಬಣ್ಣ, ಚೌಕಟ್ಟುಗಳನ್ನು ಸರಿಪಡಿಸುತ್ತಾರೆ. ಕೇಳಿದರೆ, 'ಬ್ಯಾಕಪ್ ಆಗಿದೆ, ಹಾರ್ಡ್‌ಡಿಸ್ಕಿನಲ್ಲಿದೆ' ಎನ್ನುತ್ತಾರೆ. ಆಗಿರುವುದು ಸ್ಥಳಾಂತರ ಮಾತ್ರ. ಮೊದಲೂ ಒಂದೇ ಪ್ರತಿ, ಈಗಲೂ ಒಂದೇ. ಅಷ್ಟೇ ಅಲ್ಲ, ಮೇಜಿನ ಮೇಲಿದ್ದುದು ಈಗ ಚೀಲದಲ್ಲಿ ಓಡಾಡುವಂತಾಗಿದೆ.

ದಿನವೂ ಉತ್ತು ಬಿತ್ತುವ ಜಾಗ ಹೊಲ. ಮುಂದಿನ ವರ್ಷದ ಬೀಜ ಇರುವ ಜಾಗ ಬೇರೆ. ತಿದ್ದುವ ಕೆಲಸಕ್ಕೆ ಬಳಸುವ ಡಿಸ್ಕು ಹೊಲವಿದ್ದಂತೆ. ಅಲ್ಲಿ ತಪ್ಪಿ ಅಳಿಸುವುದು, ಮೇಲೆ ಮೇಲೆ ಬರೆಯುವುದು, ಕೆಳಗೆ ಬೀಳಿಸುವುದು ಎಲ್ಲವೂ ಸಹಜ. ತಿರುಗುವ ಬಿಲ್ಲೆಗಳಿರುವ ಡಿಸ್ಕಿನಲ್ಲಿ ಓದುವ ಮುಳ್ಳು ಬಿಲ್ಲೆಗೆ ತಾಗದಂತೆ ಕೂದಲೆಳೆಗಿಂತಲೂ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ತೇಲುತ್ತದೆ. ಚಾಲೂ ಇರುವಾಗ ಮೇಜಿನಿಂದ ಬಿದ್ದರೆ ಆ ಅಂತರ ಇಲ್ಲವಾಗುತ್ತದೆ. ಎಸ್‌ಎಸ್‌ಡಿ ಎಂಬ ಹೊಸ ಬಗೆಯದರಲ್ಲಿ ತಿರುಗುವ ಭಾಗವಿಲ್ಲ, ಪೆಟ್ಟು ತಾಳುತ್ತದೆ. ಆದರೆ ಅದು ಮಾಹಿತಿಯನ್ನು ಹಿಡಿದಿಡುವುದು ವಿದ್ಯುದಾವೇಶದ ರೂಪದಲ್ಲಿ. ವರ್ಷಗಟ್ಟಲೆ ವಿದ್ಯುತ್ತಿಗೆ ಜೋಡಿಸದೆ ಪೆಟ್ಟಿಗೆಯಲ್ಲಿಟ್ಟರೆ ಆ ಆವೇಶ ಸೋರುವ ಸಂಭವವಿದೆ. ದುಬಾರಿಯಾದದ್ದೆಲ್ಲ ಚಿರಂಜೀವಿಯಲ್ಲ.

ಯಾವುದನ್ನು ಉಳಿಸಬೇಕು

ತಿದ್ದಿದ ಸುಂದರ ಚಿತ್ರವನ್ನಷ್ಟೇ ಉಳಿಸಿ ಮೂಲವನ್ನು ಅಳಿಸುವುದು ಎರಡನೆಯ ತಪ್ಪು. ಕ್ಯಾಮೆರಾದಿಂದ ಬಂದ ಮೂಲ ಕಡತದಲ್ಲಿ ತೆಗೆದ ದಿನ, ಗಳಿಗೆ, ಕ್ಯಾಮೆರಾದ ವಿವರಗಳು ಅಡಗಿರುತ್ತವೆ. ನೀರಿನ ಮಟ್ಟದ ಬಗ್ಗೆ, ಕಡಿದ ಮರದ ಬಗ್ಗೆ, ಕೊಚ್ಚಿಹೋದ ಒಡ್ಡಿನ ಬಗ್ಗೆ ತಕರಾರು ಎದ್ದಾಗ ಮೊದಲು ಕೇಳಿಬರುವ ಮಾತು 'ಇದನ್ನು ಕಂಪ್ಯೂಟರಿನಲ್ಲಿ ಮಾಡಿದ್ದಾರೆ' ಎಂಬುದು. ಅದಕ್ಕೆ ಉತ್ತರ ಕೊಡಬಲ್ಲುದು ಕೈಮುಟ್ಟದ ಮೂಲ ಕಡತ ಮಾತ್ರ.

ಲೈಟ್‌ರೂಮ್‌ನಂಥ ತಂತ್ರಾಂಶವನ್ನು ಬಳಸುವವರು ಇನ್ನೊಂದು ಸಂಗತಿಯನ್ನು ಅರಿಯಬೇಕು. ಅದರಲ್ಲಿ ಮಾಡಿದ ತಿದ್ದುಪಡಿಗಳು ಚಿತ್ರದೊಳಗೆ ಸೇರುವುದಿಲ್ಲ. ಕ್ಯಾಟಲಾಗ್ ಎಂಬ ಪ್ರತ್ಯೇಕ ಕಡತದಲ್ಲಿ ಕೂಡುತ್ತವೆ. ಮುಚ್ಚುವಾಗ ತಂತ್ರಾಂಶವು 'ಬ್ಯಾಕಪ್ ಮಾಡಲೇ?' ಎಂದು ಕೇಳುತ್ತದೆ. ಹೌದೆಂದರೆ ಅದು ನಕಲು ಮಾಡುವುದು ಆ ಕ್ಯಾಟಲಾಗನ್ನು ಮಾತ್ರ, ಚಿತ್ರಗಳನ್ನಲ್ಲ. ಖಾತೆ ಪುಸ್ತಕ ಉಳಿದು ಉಗ್ರಾಣ ಸುಟ್ಟರೆ ಏನು ಪ್ರಯೋಜನ? ಆಪಲ್ ಕಂಪ್ಯೂಟರಿನ ಟೈಮ್ ಮಷೀನ್ ಕೂಡ ಹೊರ ಡಿಸ್ಕುಗಳನ್ನು ತಾನಾಗಿ ಬ್ಯಾಕಪ್‌ಗೆ ಸೇರಿಸಿಕೊಳ್ಳುವುದಿಲ್ಲ. ಕೈಬಿಟ್ಟವುಗಳ ಪಟ್ಟಿಯಿಂದ ಅದನ್ನು ಬಳಕೆದಾರರೇ ತೆಗೆಯಬೇಕು.

ಆದ್ದರಿಂದ ಉಳಿಸಬೇಕಾದವು ನಾಲ್ಕು: ಮೂಲ ಕಡತಗಳು, ಕ್ಯಾಟಲಾಗ್, ತಿದ್ದಿ ಸಿದ್ಧಗೊಳಿಸಿದ ಚಿತ್ರಗಳು ಮತ್ತು ಸ್ಥಳದ ಟಿಪ್ಪಣಿ. ನಾಲ್ಕನೆಯದನ್ನು ಮರೆಯುವವರೇ ಹೆಚ್ಚು. ಯಾವ ಊರು, ಯಾವ ಹಳ್ಳದ ಯಾವ ದಡ, ಯಾವ ದಿಕ್ಕಿಗೆ ಮುಖ, ನೀರಿನ ಗೆರೆ ಯಾವ ಮೆಟ್ಟಿಲಿಗೆ ಎಂಬ ಎರಡು ಸಾಲು ಕನ್ನಡದಲ್ಲಿ ಬರೆದು ಚಿತ್ರದ ಜೊತೆಗೇ ಇಡಬೇಕು. ಟಿಪ್ಪಣಿಯಿಲ್ಲದ ಚಿತ್ರ ಇಪ್ಪತ್ತು ವರ್ಷಗಳ ನಂತರ ಯಾವುದೋ ಊರಿನ ಯಾವುದೋ ನೀರು.

ಎಷ್ಟು ಪ್ರತಿ, ಎಲ್ಲೆಲ್ಲಿ

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚಾರಕ್ಕೆ ತಂದ ಸೂತ್ರ ಮೂರು-ಎರಡು-ಒಂದು: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಅವುಗಳಲ್ಲಿ ಒಂದು ಬೇರೆ ಸ್ಥಳದಲ್ಲಿ. ಸೂತ್ರ ಹೊಸದಾದರೂ ವಿವೇಕ ಕನ್ನಡ ನಾಡಿಗೆ ಹಳೆಯದು. ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣವು ಅಳಿಯಬಾರದೆಂದು ಅತ್ತಿಮಬ್ಬೆಯು ಅದರ ಸಾವಿರ ಓಲೆಪ್ರತಿಗಳನ್ನು ಬರೆಸಿ ಹಂಚಿದಳು. ಓಲೆಗರಿಗೆ ಗೆದ್ದಲೂ ಇದೆ, ಬೆಂಕಿಯೂ ಇದೆ ಎಂಬುದು ಆಕೆಗೆ ತಿಳಿದಿತ್ತು. ಒಂದೇ ಪ್ರತಿಯನ್ನು ಗಟ್ಟಿ ಪೆಟ್ಟಿಗೆಯಲ್ಲಿಡುವ ಬದಲು ಅನೇಕ ಪ್ರತಿಗಳನ್ನು ಅನೇಕ ಕೈಗಳಿಗೆ ಕೊಟ್ಟಳು. ಹನ್ನೆರಡನೆಯ ಶತಮಾನದ ಕಲ್ಯಾಣದ ವಿಪ್ಲವದ ನಂತರ ಶರಣರು ವಚನದ ಕಟ್ಟುಗಳನ್ನು ಹೊತ್ತು ಇದೇ ಮಲಪ್ರಭೆಯ ಸೀಮೆಯನ್ನು ಹಾದು ಉಳವಿಯ ಕಾಡಿಗೆ ನಡೆದರೆಂದು ಪರಂಪರೆ ಹೇಳುತ್ತದೆ. ಕಿತ್ತೂರು ಭಾಗದ ಕಾದರವಳ್ಳಿಯೂ ಎಂ.ಕೆ. ಹುಬ್ಬಳ್ಳಿಯೂ ಆ ನೆನಪನ್ನು ಇಂದಿಗೂ ಹೊತ್ತಿವೆ. ಅಪಾಯದ ಊರಿನಿಂದ ಬರಹವನ್ನು ದೂರ ಒಯ್ಯುವುದು ಆ ಪಯಣದ ಒಂದು ಅರ್ಥ.

'ದೂರ' ಎಂಬ ಮಾತನ್ನು ಎಚ್ಚರದಿಂದ ಅಳೆಯಬೇಕು. ರಾಮದುರ್ಗದ ಒಂದು ಓಣಿಯ ಡಿಸ್ಕಿನ ಪ್ರತಿಯನ್ನು ಪಕ್ಕದ ಓಣಿಯ ಅಣ್ಣನ ಮನೆಯಲ್ಲಿಟ್ಟರೆ ಕಳ್ಳತನದಿಂದ ರಕ್ಷಣೆ ಸಿಕ್ಕೀತು, ಮಲಪ್ರಭೆಯಿಂದ ಸಿಗದು. ಮುನವಳ್ಳಿಯ ನೆಂಟರ ಮನೆಯೂ ಅದೇ ನದಿಯ ದಡ. ಬೇರೆ ನದಿಯ ಊರಾದರೂ ಸಾಲದು. 2019ರ ಅದೇ ದಿನಗಳಲ್ಲಿ ಗೋಕಾಕದೊಳಕ್ಕೂ ನೀರು ನುಗ್ಗಿತ್ತು. ಒಂದೇ ಮಳೆಗೆ ಎರಡು ನದಿಗಳು ಉಕ್ಕುವ ಸೀಮೆಯಿದು. ಎರಡನೆಯ ಮನೆ ಎತ್ತರದ ನೆಲದಲ್ಲಿರಬೇಕು; ಧಾರವಾಡದಲ್ಲೋ ಬೆಳಗಾವಿಯ ಎತ್ತರದ ಭಾಗದಲ್ಲೋ ಓದುವ ಮಗಳ ಕೋಣೆ ಇದಕ್ಕೆ ಸಾಕು.

ಅಂತರ್ಜಾಲದ ಕ್ಲೌಡ್ ಸಂಗ್ರಹವೂ ಒಂದು ದಾರಿ. ಆದರೆ ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ ಒಂದು ಟೆರಾಬೈಟ್ ಮೇಲೇರಿಸಲು ಹಗಲಿರುಳು ಬಿಡದೆ ಒಂಬತ್ತು ದಿನಕ್ಕೂ ಹೆಚ್ಚು ಬೇಕು. ಬೆಟ್ಟದ ಊರಿನ ಸಂಪರ್ಕದಲ್ಲಿ ಈ ಲೆಕ್ಕ ತಿಂಗಳುಗಟ್ಟಲೆ ಬೆಳೆದೀತು. ಆರಿಸಿದ ನೂರಾರು ಚಿತ್ರಗಳನ್ನೂ ಟಿಪ್ಪಣಿಗಳನ್ನೂ ಕ್ಲೌಡ್‌ಗೆ ಕಳಿಸಿ, ಇಡೀ ಸಂಗ್ರಹವನ್ನು ಇನ್ನೊಂದು ಡಿಸ್ಕಿನಲ್ಲಿ ತುಂಬಿ ಬಸ್ಸಿನಲ್ಲಿ ಒಯ್ಯುವುದೇ ಸುಲಭ.

ಮಾಡುವ ಬಗೆ

ಕ್ಯಾಮೆರಾದ ಕಾರ್ಡಿನಿಂದ ಚಿತ್ರಗಳನ್ನು ಎರಡು ಕಡೆ ಇಳಿಸಿದ ಮೇಲಷ್ಟೇ ಕಾರ್ಡನ್ನು ಖಾಲಿ ಮಾಡಬೇಕು. ಕೆಲಸದ ಡಿಸ್ಕಿನಷ್ಟೇ ಅಥವಾ ಅದಕ್ಕಿಂತ ದೊಡ್ಡದಾದ ಎರಡು ಡಿಸ್ಕುಗಳನ್ನು ಬ್ಯಾಕಪ್‌ಗೆಂದೇ ಮೀಸಲಿಡಬೇಕು; ಬೇರೆ ಬೇರೆ ಕಂಪೆನಿಯವು, ಬೇರೆ ಬೇರೆ ಸಮಯದಲ್ಲಿ ಕೊಂಡವು ಆದರೆ ಒಂದೇ ದೋಷಕ್ಕೆ ಎರಡೂ ಬಲಿಯಾಗುವ ಸಂಭವ ಕಡಿಮೆ. ಒಂದು ಮನೆಯಲ್ಲಿ, ಇನ್ನೊಂದು ಹೊರ ಊರಿನಲ್ಲಿ. ತಿಂಗಳಿಗೊಮ್ಮೆ ಅದಲುಬದಲು. ಈ ಭಾಗದ ರೈತರು ಅಮಾವಾಸ್ಯೆಯಂದು ಎತ್ತು ಹೂಡುವುದಿಲ್ಲ. ಆ ಬಿಡುವಿನ ದಿನವನ್ನೇ ಬ್ಯಾಕಪ್‌ಗೆ ಗೊತ್ತುಮಾಡಿದರೆ ಕ್ಯಾಲೆಂಡರಿನಲ್ಲಿ ಬೇರೆ ಗುರುತು ಬೇಡ.

ಎರಡು ಡಿಸ್ಕುಗಳನ್ನು ಯಥಾವತ್ ಕನ್ನಡಿಯಂತೆ ಸರಿದೂಗಿಸುವ ವಿಧಾನದಲ್ಲಿ ಒಂದು ಅಪಾಯವಿದೆ. ಕೆಲಸದ ಡಿಸ್ಕಿನಲ್ಲಿ ತಪ್ಪಿ ಅಳಿಸಿದ ಚಿತ್ರ ಬ್ಯಾಕಪ್‌ನಿಂದಲೂ ಅಳಿಸಿಹೋಗುತ್ತದೆ. ಹೊಸದನ್ನು ಸೇರಿಸುವ, ಹಳೆಯದನ್ನು ತಾನಾಗಿ ಅಳಿಸದ ಆಯ್ಕೆಯನ್ನೇ ಆರಿಸಬೇಕು. ಕೆಲಸ ಮುಗಿದೊಡನೆ ಬ್ಯಾಕಪ್ ಡಿಸ್ಕನ್ನು ಕಂಪ್ಯೂಟರಿನಿಂದ ಬೇರ್ಪಡಿಸಬೇಕು. ಸದಾ ಜೋಡಿಸಿಟ್ಟ ಡಿಸ್ಕಿಗೆ ವೈರಸ್ಸೂ ಸಿಡಿಲಿನ ವಿದ್ಯುತ್ ಆಘಾತವೂ ಒಟ್ಟಿಗೇ ತಟ್ಟುತ್ತವೆ. ಬರೆಯುವ ನಡುವೆ ಕರೆಂಟು ಹೋದರೆ ಕಡತಗಳು ಕೆಡುತ್ತವೆ; ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿರುವಾಗಲೇ ಈ ಕೆಲಸ ಮಾಡಬೇಕು, 'ಇಜೆಕ್ಟ್' ಕೊಟ್ಟ ನಂತರವೇ ತಂತಿಯನ್ನು ಕೀಳಬೇಕು.

ಮಲೆನಾಡಿನ ಮಳೆಗಾಲದ ತೇವ ಇನ್ನೊಂದು ಶತ್ರು. ಗಾಳಿಯಾಡದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಡಿಸ್ಕನ್ನಿಟ್ಟು, ಡಬ್ಬಿಯನ್ನು ಅಟ್ಟದ ಎತ್ತರದಲ್ಲಿಡಬೇಕು. ಒಲೆಯ ಮೇಲಿನ ಅಟ್ಟ ಮೆಣಸಿನಕಾಯಿಗೆ ಒಳ್ಳೆಯದು. ಡಿಸ್ಕಿಗೆ ಆ ಕಾವು ಮತ್ತು ಹೊಗೆ ಆಗದು.

ಮೊಳಕೆಯ ಪರೀಕ್ಷೆ

ಬೀಜದ ಚೀಲ ತುಂಬಿರುವುದು ಬೆಳೆಯ ಭರವಸೆಯಲ್ಲ. ಬಿತ್ತನೆಗೆ ಮೊದಲು ರೈತನು ನೂರು ಜೋಳದ ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆಗಳನ್ನು ಎಣಿಸುತ್ತಾನೆ. ಬ್ಯಾಕಪ್‌ಗೂ ಇದೇ ಪರೀಕ್ಷೆ ಬೇಕು. ಕಡತದ ಹೆಸರು ಕಾಣಿಸಿದ ಮಾತ್ರಕ್ಕೆ ಚಿತ್ರ ತೆರೆಯುತ್ತದೆಂದಿಲ್ಲ. ಕಾರ ಹುಣ್ಣಿಮೆಯ ಹೊತ್ತಿಗೆ, ಮಳೆ ಹಿಡಿಯುವ ಮುನ್ನ, ಬ್ಯಾಕಪ್ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ ಬೇರೆ ಬೇರೆ ವರ್ಷಗಳ ನೂರು ಚಿತ್ರಗಳನ್ನು ತೆರೆದು ನೋಡಬೇಕು. ಕ್ಯಾಟಲಾಗ್ ತೆರೆಯುವುದೇ ಎಂದೂ ನೋಡಬೇಕು. ವಿದ್ಯಾರ್ಥಿಗಳು ಒಂದು ಹೆಜ್ಜೆ ಮುಂದೆ ಹೋಗಿ ಚೆಕ್‌ಸಮ್ ಕಲಿಯಬಹುದು. ಕಡತದ ಒಳಗಿನ ಅಂಕಿಗಳಿಂದ ಲೆಕ್ಕಹಾಕಿದ ಬೆರಳಚ್ಚು ಅದು. ಒಂದು ಚುಕ್ಕೆ ಬದಲಾದರೂ ಬೆರಳಚ್ಚು ಬದಲಾಗಿ ಕೆಡುಕು ಗೊತ್ತಾಗುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ, ಡಿಸ್ಕು ಕೆಡುವ ಮೊದಲೇ, ಎಲ್ಲವನ್ನೂ ಹೊಸದಕ್ಕೆ ದಾಟಿಸಬೇಕು. ಮಡಿಕೆಯಲ್ಲಿಟ್ಟ ಬೀಜವನ್ನೂ ಆಗಾಗ ಬಿತ್ತಿ ಹೊಸದಾಗಿಸಿಕೊಳ್ಳುವುದುಂಟಷ್ಟೆ.

ಬೀಜದ ಜಗತ್ತಿನಿಂದಲೇ ಒಂದು ನಿದರ್ಶನ. ಸಿರಿಯಾ ದೇಶದ ಅಲೆಪ್ಪೊ ಬಳಿ ಇಕಾರ್ಡಾ ಎಂಬ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯ ಬೀಜಭಂಡಾರವಿತ್ತು. ಗೋಧಿ, ಬಾರ್ಲಿ, ಕಡಲೆ, ಚನ್ನಂಗಿಗಳ ಸಾವಿರಾರು ತಳಿಗಳ ಎರಡನೆಯ ಪ್ರತಿಯನ್ನು ಆ ಸಂಸ್ಥೆಯು ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ 2008ರಲ್ಲಿ ತೆರೆದ ಹಿಮದ ಕಣಜಕ್ಕೆ ಕಳಿಸಿತ್ತು. ಯುದ್ಧದಿಂದಾಗಿ ಅಲೆಪ್ಪೊದ ಭಂಡಾರ ಕೈತಪ್ಪಿದಾಗ, 2015ರಲ್ಲಿ ಆ ಬೀಜಗಳನ್ನು ಹಿಂದಕ್ಕೆ ತರಿಸಿ ಲೆಬನಾನ್ ಮತ್ತು ಮೊರಾಕ್ಕೊಗಳಲ್ಲಿ ಬಿತ್ತಿ ಬೆಳೆಸಲಾಯಿತು. 2017ರಲ್ಲಿ ಹೊಸ ಬೀಜ ಮತ್ತೆ ಸ್ವಾಲ್‌ಬಾರ್ಡ್ ಸೇರಿತು. ದೂರದಲ್ಲಿಟ್ಟದ್ದು, ಮರಳಿ ತೆಗೆದದ್ದು, ಮೊಳೆತದ್ದು, ಮತ್ತೆ ಇಟ್ಟದ್ದು: ಬ್ಯಾಕಪ್ ಎಂಬುದರ ಪೂರ್ಣ ಅರ್ಥ ಇದು.

ಮೇಲಿನ ಊರು, ಕೆಳಗಿನ ಊರು

ಕಣಕುಂಬಿಯ ಕಾಡಿನ ಚಿತ್ರವೂ ರಾಮದುರ್ಗದ ನೆರೆಯ ಚಿತ್ರವೂ ಒಂದೇ ನದಿಯ ಒಂದೇ ಕಥೆಯ ಎರಡು ಪುಟಗಳು. ಮೇಲೆ ಮರ ಹೋದದ್ದು, ಹಳ್ಳ ಬತ್ತಿದ್ದು ಅಥವಾ ಉಕ್ಕಿದ್ದು ಒಂದು ಪುಟ. ಕೆಳಗೆ ಮಗ್ಗ ಮುಳುಗಿದ್ದು ಇನ್ನೊಂದು. ಬೆಟ್ಟದ ಶಾಲೆಯ ಸಂಗ್ರಹದ ಒಂದು ಪ್ರತಿ ರಾಮದುರ್ಗದಲ್ಲಿ, ನೀರು ಮುಟ್ಟದ ಎತ್ತರದ ಮನೆಯಲ್ಲಿರಲಿ. ರಾಮದುರ್ಗದ್ದು ಬೆಟ್ಟದ ಶಾಲೆಯಲ್ಲಿರಲಿ. ನೆರೆ ಬೆಟ್ಟವನ್ನೇರದು, ಬೆಟ್ಟದ ತೇವ ಬಯಲಿಗಿಳಿಯದು. ವರ್ಷಕ್ಕೊಮ್ಮೆ ಡಿಸ್ಕುಗಳು ಕೈ ಬದಲಾದಾಗ ಮೇಲಿನವರು ಕೆಳಗಿನವರ ನೆರೆಯನ್ನು ಕಾಣುವರು, ಕೆಳಗಿನವರು ಮೇಲಿನವರ ಕಾಡನ್ನು ಕಾಣುವರು.

ಇದಕ್ಕೆ ಬೇಕಾದ ವೆಚ್ಚ ಎರಡು ಡಿಸ್ಕು, ತಿಂಗಳಿಗೊಂದು ಸಂಜೆ. ಮುಂದಿನ ನೆರೆ ಬರುವ ವರ್ಷ ಯಾರಿಗೂ ತಿಳಿಯದು. ಆ ವರ್ಷ ನೀರಿನ ಗೆರೆಯನ್ನು ಅಳೆಯಲು ಹೊರಡುವ ಹುಡುಗಿಗೆ 2019ರ ಗೆರೆ ಎಲ್ಲಿತ್ತೆಂದು ತೋರಿಸಲು ಒಂದು ಚಿತ್ರವಾದರೂ ತೆರೆದುಕೊಳ್ಳಬೇಕು. ಬರುವ ಅಮಾವಾಸ್ಯೆಯಂದೇ ಈ ಕೆಲಸ ಆರಂಭವಾಗಲಿ.