ಕನ್ನಡ ಶಾಲೆಯಿಂದ ತಂತ್ರಾಂಶ ಸಂಸ್ಥೆಗೆ

(ಕಾಸರಗೋಡಿನಲ್ಲಿ ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ಈ ಶುಭಸಂದರ್ಭದಲ್ಲಿ ಎರಡು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ, ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವುದು ಕನ್ನಡ ಅಧ್ಯಾಪಕರಾದ ನಮಗೆ ಸುಲಭವಾಗಿದ್ದಿತು. ಆದರೆ ಶಾಲಾಪ್ರವೇಶದ ದಿನಗಳಲ್ಲಿ ಅನೇಕ ತಂದೆತಾಯಿಗಳು ನಮ್ಮಲ್ಲಿ ಕೇಳಿದ ಪ್ರಶ್ನೆಯೊಂದು ಮನಸ್ಸನ್ನು ಬಿಡದೆ ಕಾಡುತ್ತಿರುವುದರಿಂದ ಇಂದು ಅದನ್ನೇ ಕೈಗೆತ್ತಿಕೊಂಡಿದ್ದೇವೆ. “ಮಾಸ್ತರರೇ, ಕನ್ನಡ ಮಾಧ್ಯಮದಲ್ಲಿ ಓದಿದ ಮಗು ನಾಳೆ ದೊಡ್ಡ ಕಂಪೆನಿಯಲ್ಲಿ ನಿಂತು ಬಾಳೀತೇ?” ಎಂಬುದೇ ಆ ಪ್ರಶ್ನೆ. ಇದಕ್ಕೆ ಬರಿಯ ಅಭಿಮಾನದ ಮಾತು ಉತ್ತರವಾಗಲಾರದು. ಮಗುವಿನ ಬಾಳಿನ ಪ್ರಶ್ನೆಯನ್ನು ಕೇಳುವವರಿಗೆ ಕಂಡ ಸಂಗತಿಯನ್ನು ಕಂಡಂತೆ ಹೇಳುವುದೇ ಧರ್ಮ. ಆದುದರಿಂದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಅನುಭವವನ್ನು ತಮ್ಮ ಮುಂದೆ ಇಡಲು ಬಯಸುತ್ತೇವೆ.

ಎಂಜಿನಿಯರಿಂಗ್ ಓದುವ ಮಕ್ಕಳು ಪದವಿ ಕೈಸೇರುವ ಮುಂಚೆ ಕೆಲವು ವಾರ ಅಥವಾ ತಿಂಗಳುಗಳ ಕಾಲ ಒಂದು ಕಾರ್ಖಾನೆಯಲ್ಲಿಯೋ ಸಂಸ್ಥೆಯಲ್ಲಿಯೋ ನಿಜವಾದ ಕೆಲಸದ ನಡುವೆ ಇದ್ದು ಕಲಿಯುವ ಕ್ರಮಕ್ಕೆ ‘ಇಂಟರ್ನ್‌ಶಿಪ್’ ಎಂದು ಹೆಸರು. ಹೆಸರು ಹೊಸದು, ರೀತಿ ಹಳೆಯದು. ಬಡಗಿಯ ಬಳಿ ಕೆಲಸ ಕಲಿಯುವ ಹುಡುಗನು ಉಳಿ ಹಿಡಿಯುವ ಮುನ್ನ ಹಲಗೆ ಹಿಡಿದುಕೊಂಡು ನಿಲ್ಲುತ್ತಾನೆ. ಯಕ್ಷಗಾನದ ಮೇಳಕ್ಕೆ ಸೇರಿದ ಬಾಲಕನು ಕೋಡಂಗಿ, ಬಾಲಗೋಪಾಲ ವೇಷಗಳಿಂದ ತೊಡಗಿ ಪುಂಡುವೇಷಕ್ಕೆ ಏರುತ್ತಾನೆ. ಕಾರ್ಖಾನೆಗಳಲ್ಲಿ ಕೆಲಸ ಕಲಿಯುವವರಿಗಾಗಿ ಭಾರತ ಸರಕಾರವು ೧೯೬೧ರಲ್ಲಿಯೇ ಅಪ್ರೆಂಟಿಸ್ ಕಾಯಿದೆಯನ್ನು ಮಾಡಿತು. ಎಂಜಿನಿಯರಿಂಗ್ ಕಾಲೇಜುಗಳಿಗಾಗಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ೨೦೧೮ರಲ್ಲಿ ಪ್ರಕಟಿಸಿದ ಮಾದರಿ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ಪಿಗೆ ಸ್ಥಾನ ದೊರಕಿತು.

ಇನ್ನು ನಮ್ಮ ಹುಡುಗನ ವಿಚಾರ. ಹೆಸರು ಹೇಳುವುದು ಅವನಿಗೆ ಇಷ್ಟವಿಲ್ಲ. ತಂದೆ ಪರರ ಅಡಿಕೆ ತೋಟದಲ್ಲಿ ಕೆಲಸ ಮಾಡುವವರು. ತಾಯಿ ಬೀಡಿ ಕಟ್ಟುವವರು. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಹತ್ತನೆಯ ತರಗತಿಯವರೆಗೆ ನಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿಯೇ ಓದಿ, ಪ್ಲಸ್ ಟು ತರಗತಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಹೊರಳಿ, ಕಷ್ಟಪಟ್ಟು ಎಂಜಿನಿಯರಿಂಗ್ ಕಾಲೇಜು ಸೇರಿದವನು. ಕೊನೆಯ ವರ್ಷದಲ್ಲಿ ಬೆಂಗಳೂರಿನ ಒಂದು ತಂತ್ರಾಂಶ ಸಂಸ್ಥೆಯಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ದೊರೆಯಿತು. ಸಂಸ್ಥೆಯು ಕೊಡುವ ಮಾಸಿಕ ಭತ್ಯೆಯಿಂದ ಊಟ ವಸತಿಗಳು ಸಾಗುವಂತಿದ್ದವು. ಆದರೆ ಭತ್ಯೆ ಬರುವುದು ತಿಂಗಳ ಕೊನೆಗೆ. ಕೋಣೆಯ ಮುಂಗಡ ಕೊಡಬೇಕಾದುದು ಮೊದಲ ದಿನ. ಆ ಹಣವು ತಾಯಿಯ ಬೀಡಿಯ ಉಳಿತಾಯದಿಂದ ಹೊರಟಿತು.

ಮೂರನೆಯ ವಾರದ ಒಂದು ರಾತ್ರಿ ಅವನು ನಮಗೆ ದೂರವಾಣಿ ಮಾಡಿದನು. “ಮಾಸ್ತರರೇ, ನಾನು ಊರಿಗೆ ಬರುತ್ತೇನೆ. ಕೆಲಸ ತಿಳಿಯದೆ ಅಲ್ಲ, ಕೇಳಲಿಕ್ಕೆ ಬಾಯಿ ಬರುವುದಿಲ್ಲ” ಎಂದನು. ಅಲ್ಲಿ ದಿನವೂ ಬೆಳಗ್ಗೆ ತಂಡದವರೆಲ್ಲರೂ ಹತ್ತು ಹದಿನೈದು ನಿಮಿಷ ಕೂಡುತ್ತಾರೆ. ನಿನ್ನೆ ಏನು ಮಾಡಿದೆ, ಇಂದು ಏನು ಮಾಡುತ್ತೀಯೆ, ಯಾವುದು ಅಡ್ಡಿಯಾಗಿದೆ ಎಂಬ ಮೂರು ವಿಷಯಗಳನ್ನು ಪ್ರತಿಯೊಬ್ಬನೂ ಹೇಳಬೇಕು. ನಮ್ಮ ಹುಡುಗನು ದಿನವೂ “ಅಡ್ಡಿಯೇನೂ ಇಲ್ಲ” ಎನ್ನುತ್ತಿದ್ದನು, ಅಡ್ಡಿಯೋ ಬೆಟ್ಟದಷ್ಟಿತ್ತು. ಅರ್ಧ ಗಂಟೆಯಲ್ಲಿ ಕೇಳಿ ತಿಳಿಯಬಹುದಾದುದಕ್ಕೆ ಮೂರು ದಿನ ಒಬ್ಬನೇ ತಡಕಾಡುತ್ತಿದ್ದನು. ಅವನಿಗೆ ಮಾರ್ಗದರ್ಶನ ಮಾಡುತ್ತಿದ್ದ ಹಿರಿಯ ಎಂಜಿನಿಯರ್ ತಮಿಳು ಮನೆಮಾತಿನ ಮಹಿಳೆ, ಕಠಿಣ ಸ್ವಭಾವದವರಲ್ಲ. ಆದರೂ ಇಂಗ್ಲಿಷಿನ ಒಂದು ವಾಕ್ಯ ತಪ್ಪೀತೆಂಬ ನಾಚಿಕೆ ಅವನ ಕೊರಳನ್ನು ಹಿಡಿದಿತ್ತು.

ನಾವು ಅವನಿಗೆ ತಂತ್ರಾಂಶದ ವಿದ್ಯೆಯನ್ನು ಹೇಳಿಕೊಡಲಾರೆವು. ನಮಗೆ ತಿಳಿದುದನ್ನು ಹೇಳಿದೆವು: “ನಾಳೆಯ ಪ್ರಶ್ನೆಯನ್ನು ಈ ರಾತ್ರಿಯೇ ಕನ್ನಡದಲ್ಲಿ ಬರೆ. ಮೂರೇ ವಾಕ್ಯ. ನಾನು ಮಾಡಿದ್ದು ಇದು, ಆಗಬೇಕೆಂದಿದ್ದುದು ಇದು, ಆದದ್ದು ಇದು. ಮೂರೂ ನಿನಗೇ ಸ್ಪಷ್ಟವಾದ ಮೇಲೆ ಇಂಗ್ಲಿಷಿಗೆ ತಿರುಗಿಸಿ ಬರೆದು ಕಳುಹಿಸು. ಮಾತು ಆಮೇಲೆ ಬರುತ್ತದೆ.” ಎಂಟನೆಯ ತರಗತಿಯಲ್ಲಿ ಗದ್ಯಭಾಗವನ್ನು ಸಂಗ್ರಹಿಸಿ ಬರೆಯಿರಿ ಎಂದು ನಾವು ಕೊಡುವ ಅಭ್ಯಾಸವೇ ಇದು. ವಿಶೇಷವೇನೆಂದರೆ, ತಂತ್ರಾಂಶದ ದೋಷವನ್ನು ವರದಿ ಮಾಡುವವರು ಅನುಸರಿಸತಕ್ಕ ಕ್ರಮವೂ ಇದೇ ಮೂರು ವಾಕ್ಯಗಳದ್ದಂತೆ. ಬರೆದು ಕಳುಹಿಸಿದ ಮೊದಲ ಪ್ರಶ್ನೆಗೆ ಆ ಮಹಿಳೆ ಸ್ವತಃ ಅವನ ಮೇಜಿಗೆ ಬಂದು ಉತ್ತರ ಕೊಟ್ಟರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಬರೆಯದೆಯೇ ಕೇಳುವ ಧೈರ್ಯ ಬಂದಿತು. ಆ ಕಾರ್ಯಾಲಯದಲ್ಲಿ ಇಂಗ್ಲಿಷನ್ನು ಒಬ್ಬೊಬ್ಬರು ತಮ್ಮ ತಮ್ಮ ಊರಿನ ಉಚ್ಚಾರದಲ್ಲಿಯೇ ಆಡುತ್ತಾರೆ, ಅದಕ್ಕಾಗಿ ಯಾರೂ ನಗುವುದಿಲ್ಲ ಎಂಬುದು ಅವನಿಗೆ ಆಗ ಕಂಡುಬಂದಿತು.

ನಾಲ್ಕನೆಯ ತಿಂಗಳಲ್ಲಿ ನಡೆದುದು ಕನ್ನಡಿಗರೆಲ್ಲರೂ ಕೇಳತಕ್ಕ ಸಂಗತಿ. ಸಂಸ್ಥೆಯ ತಂತ್ರಾಂಶವೊಂದು ಅಂಗಡಿಗಳ ಗ್ರಾಹಕರ ಹೆಸರನ್ನು ನಾನಾ ಭಾಷೆಗಳಲ್ಲಿ ಚಿಕ್ಕ ಚೀಟಿಯ ಮೇಲೆ ಮುದ್ರಿಸುತ್ತಿತ್ತು. ಹೆಸರಿಗೆ ಇದ್ದುದು ಹತ್ತು ಸ್ಥಾನ. ‘ವಿಜಯಲಕ್ಷ್ಮಿ’ ಎಂಬ ಹೆಸರು ‘ವಿಜಯಲಕ್ಷ್ಮ’ ಎಂದು ಅಚ್ಚಾಗುತ್ತಿತ್ತು. ಹೀಗೇಕಾಗುತ್ತದೆಂದು ಹುಡುಕುವ ಕೆಲಸ ನಮ್ಮ ಹುಡುಗನಿಗೆ ಬಂದಿತು.

ಇದರ ಮರ್ಮವನ್ನು ಸ್ವಲ್ಪ ವಿವರಿಸಬೇಕು. ಗಣಕಯಂತ್ರವು ಅಕ್ಷರವನ್ನು ಅರಿಯದು. ಸಂಖ್ಯೆಯನ್ನು ಮಾತ್ರ ಅರಿಯುತ್ತದೆ. ಜಗತ್ತಿನ ಲಿಪಿಗಳ ಒಂದೊಂದು ವರ್ಣಕ್ಕೂ ಚಿಹ್ನೆಗೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿರುವ ವ್ಯವಸ್ಥೆಗೆ ಯೂನಿಕೋಡ್ ಎಂದು ಹೆಸರು. ೧೯೯೧ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಎಡೆಯಿದ್ದಿತು. ನಮ್ಮ ಲಿಪಿಗೆ ೧೨೮ ಸ್ಥಾನಗಳು ಮೀಸಲಾಗಿವೆ. ಒತ್ತಕ್ಷರಗಳಿಗೆ ಅಲ್ಲಿ ಬೇರೆ ಸಂಖ್ಯೆಯಿಲ್ಲ. ವ್ಯಂಜನ, ಅದರ ಅಕಾರವನ್ನು ಕಳೆಯುವ ಹಲಂತ ಚಿಹ್ನೆ, ಮತ್ತೆ ವ್ಯಂಜನ, ಹೀಗೆ ಪೋಣಿಸಿ ಒತ್ತನ್ನು ಪಡೆಯಬೇಕು. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ. ಯಂತ್ರಕ್ಕಾದರೋ ಅದು ಸಕಾರ, ಹಲಂತ, ತಕಾರ, ಹಲಂತ, ರಕಾರ, ಈಕಾರದ ಗುಣಿತ ಎಂದು ಆರು ಸಂಖ್ಯೆ. ‘ವಿಜಯಲಕ್ಷ್ಮಿ’ ನಮ್ಮ ಎಣಿಕೆಯಲ್ಲಿ ಐದು ಅಕ್ಷರ, ಯಂತ್ರದ ಎಣಿಕೆಯಲ್ಲಿ ಹನ್ನೊಂದು. ಹತ್ತಕ್ಕೆ ತುಂಡರಿಸಿದರೆ ಕೊನೆಯ ಗುಣಿತವು ಬಿದ್ದುಹೋಗುತ್ತದೆ. ಇಂಗ್ಲಿಷ್ ಹೆಸರಿನ ಬಾಲವನ್ನು ಕಡಿದರೆ ಹೆಸರು ಮೊಟಕಾದೀತು, ಅಕ್ಷರ ಮುರಿಯದು. ಕನ್ನಡದಲ್ಲಿ ಅಕ್ಷರವೇ ಮುರಿಯುತ್ತದೆ.

ಕನ್ನಡವನ್ನು ಮಾತಿನಲ್ಲಿ ಮಾತ್ರ ಬಲ್ಲ ಸಹೋದ್ಯೋಗಿಗಳು ಅಲ್ಲಿ ಇದ್ದರು. ಆದರೆ ಸಂಯುಕ್ತಾಕ್ಷರವನ್ನು ಬಿಡಿಸಿ ಬರೆದು, ಛಂದಸ್ಸಿನಲ್ಲಿ ಅಕ್ಷರದ ಎಣಿಕೆ ಬೇರೆ, ಮಾತ್ರೆಯ ಎಣಿಕೆ ಬೇರೆ ಎಂದು ಪ್ರಸ್ತಾರ ಹಾಕಿ ಕಲಿತಿದ್ದವನು ಇವನೊಬ್ಬನೇ. ಶಾಲೆಯ ವಾರ್ಷಿಕ ಪತ್ರಿಕೆಗಾಗಿ, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ಅವನು ಕನ್ನಡವನ್ನು ಟೈಪು ಮಾಡುತ್ತಿದ್ದನು. ಒತ್ತು ಬರಬೇಕಾದರೆ ನಡುವೆ ಬೇರೊಂದು ಕೀಲಿಯನ್ನು ಒತ್ತಬೇಕೆಂಬುದು ಬೆರಳಿಗೇ ತಿಳಿದಿತ್ತು. ಆದುದರಿಂದ ರೋಗದ ಮೂಲ ಅವನಿಗೆ ಒಂದೇ ದಿನದಲ್ಲಿ ಕಂಡಿತು. ಸಂಖ್ಯೆಗಳನ್ನು ಎಣಿಸದೆ ಅಕ್ಷರಗಳನ್ನು ಎಣಿಸಬೇಕು. ಗುಣಿತವನ್ನು ಅದರ ವ್ಯಂಜನದಿಂದ ಬೇರ್ಪಡಿಸಬಾರದು. ಹಲಂತದ ಬಳಿಕ ವ್ಯಂಜನ ಬಂದರೆ ಅಲ್ಲಿ ತುಂಡರಿಸಬಾರದು ಎಂಬ ವಿಧಿಗಳನ್ನು ಪ್ರೋಗ್ರಾಮಿನಲ್ಲಿ ಬರೆದನು.

ಬರೆದುದು ಒಡನೆಯೇ ಸ್ವೀಕೃತವಾಯಿತೆಂದು ತಾವು ಭಾವಿಸಬಾರದು. ಅಂತಹ ಸಂಸ್ಥೆಗಳಲ್ಲಿ ಒಬ್ಬನು ಬರೆದುದನ್ನು ಇನ್ನೊಬ್ಬನು ಓದಿ ಒಪ್ಪದೆ ಮೂಲಕ್ಕೆ ಸೇರಿಸುವ ಪದ್ಧತಿಯಿಲ್ಲ. ಲೈನಸ್ ಟೋರ್ವಾಲ್ಡ್ಸ್ ಎಂಬವರು ೨೦೦೫ರಲ್ಲಿ ನಿರ್ಮಿಸಿದ ‘ಗಿಟ್’ ಎಂಬ ಸಾಧನದಲ್ಲಿ ಯಾವ ಸಾಲನ್ನು ಯಾರು, ಎಂದು, ಏತಕ್ಕೆ ತಿದ್ದಿದರೆಂಬುದು ದಾಖಲಾಗುತ್ತದೆ. ಓಲೆಯ ಪ್ರತಿಗಳ ಪಾಠಾಂತರಗಳನ್ನು ನಮ್ಮ ಸಂಪಾದಕರು ಗುರುತಿಸಿಡುವ ಕ್ರಮವನ್ನು ಇದು ಹೋಲುತ್ತದೆ. ನಮ್ಮ ಹುಡುಗನ ಬರವಣಿಗೆ ಎರಡು ಸಲ ಮರಳಿ ಬಂದಿತು. ಮೊದಲ ಸಲದ ಆಕ್ಷೇಪ ಸ್ವಾರಸ್ಯವಾದುದು. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರಕ್ಕೆ ಕಕಾರವು ಒತ್ತಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಇಡುತ್ತಾರೆ. ಇವನು ಅದನ್ನು ಕಸವೆಂದು ಗುಡಿಸಿಬಿಟ್ಟಿದ್ದನು. ಹೆಸರು ‘ರಾಜ್ಕುಮಾರ್’ ಆಗಿಬಿಟ್ಟಿತು. ಇದನ್ನು ತೋರಿಸಿಕೊಟ್ಟವರು ಕನ್ನಡ ಓದಲಾರದ ಆ ತಮಿಳು ಮಹಿಳೆ. ಸ್ಥಾನಸ್ಥಾನವಾಗಿ ಪರೀಕ್ಷಿಸಿ ಒಂದು ಚಿಹ್ನೆ ಕಡಮೆಯಾದುದನ್ನು ಅವರು ಹಿಡಿದರು. ಎರಡನೆಯ ಸಲ, ಪರೀಕ್ಷೆಗೆಂದು ಬರೆದ ಹೆಸರುಗಳು ಸಾಲವೆಂದು ಮರಳಿಸಿದರು. ಮೂರನೆಯ ಸಲ ಒಪ್ಪಿಗೆಯಾಯಿತು.

ಸಂಸ್ಥೆಯು ಅವನಿಗೆ ಉದ್ಯೋಗ ಕೊಟ್ಟಿತೇ ಎಂದು ತಾವು ಕೇಳಬಹುದು. ಕೊಡಲಿಲ್ಲ. ಅವನ ಗುಂಪಿನಲ್ಲಿ ಇಬ್ಬರಿಗೆ ಮಾತ್ರ ಸ್ಥಾನವಿದ್ದಿತು. ಮಾತಿನಲ್ಲಿಯೂ ವೇಗದಲ್ಲಿಯೂ ಅವರು ಇವನಿಗಿಂತ ಮುಂದಿದ್ದರು. ಮೂರು ತಿಂಗಳ ಬಳಿಕ ಬೇರೊಂದು ಸಂಸ್ಥೆಯ ಸಂದರ್ಶನದಲ್ಲಿ ಈ ‘ವಿಜಯಲಕ್ಷ್ಮಿ’ಯ ಕಥೆಯನ್ನೇ ಹಲಗೆಯ ಮೇಲೆ ಬರೆದು ವಿವರಿಸಿ ಉದ್ಯೋಗ ಪಡೆದನು. ತಾಯಿ ಕೊಟ್ಟ ಮುಂಗಡದ ಹಣವನ್ನು ಮೊದಲ ಸಂಬಳದಲ್ಲಿ ಹಿಂದಿರುಗಿಸಿದನೆಂದು ತಿಳಿದು ನಮಗೆ ಸಂತೋಷವಾಯಿತು.

ಕನ್ನಡ ಮಾಧ್ಯಮದಲ್ಲಿ ಓದಿದುದರಿಂದಲೇ ಅವನು ಗೆದ್ದನೆಂದು ನಾವು ಹೇಳೆವು. ಪ್ಲಸ್ ಟುವಿನ ಮೊದಲ ವರ್ಷ ಅವನು ಪಟ್ಟ ಪಾಡು ನಮಗೆ ಗೊತ್ತು. ಇಂಗ್ಲಿಷ್ ಬೇಡವೆನ್ನುವವರು ಇಂತಹ ಮಕ್ಕಳಿಗೆ ಹಿತವನ್ನು ಮಾಡಿದವರಾಗಲಾರರು. ಆದರೆ ಕನ್ನಡವು ಅವನ ಕಾಲಿಗೆ ತೊಡಕಾಗಲಿಲ್ಲ, ಕೈಗೆ ಆಧಾರವಾಯಿತು ಎಂಬಷ್ಟನ್ನು ಧೈರ್ಯದಿಂದ ಹೇಳಬಲ್ಲೆವು. ಅವನನ್ನು ಮೂರು ವಾರ ಕಟ್ಟಿಹಾಕಿದ್ದುದು ಕೇಳಲು ನಾಚುವ ಸ್ವಭಾವ. ಅದನ್ನು ಬಿಡಿಸಿದ್ದುದು, ತಿಳಿದ ಭಾಷೆಯಲ್ಲಿ ಸ್ಪಷ್ಟವಾಗಿ ಯೋಚಿಸಿ ತಿಳಿಯಬೇಕಾದ ಭಾಷೆಗೆ ದಾಟುವ ಅಭ್ಯಾಸ.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ಮಗು ಮನೆಯಲ್ಲಿ ‘ಏಕೆ’ ಎಂದು ಕೇಳಿದಾಗ ಬಾಯಿ ಮುಚ್ಚಿಸಬೇಡಿರಿ. ಅಲ್ಲಿ ಮುಚ್ಚಿದ ಬಾಯಿ ಬೆಂಗಳೂರಿನಲ್ಲಿಯೂ ತೆರೆಯಲಾರದು. ಕನ್ನಡವನ್ನು ಅಂಕಗಳಿಗಾಗಿ ಮಾತ್ರ ಓದಿಸಬೇಡಿರಿ. ಕಂಡುದನ್ನು ಕ್ರಮವಾಗಿ ಬರೆಯುವುದಕ್ಕೆ ಹಚ್ಚಿರಿ. ಜೊತೆಗೆ ಇಂಗ್ಲಿಷ್ ಪಾಠವನ್ನು ಬಿಗಿಯಾಗಿ ಕಲಿಸಿರೆಂದು ಅಧ್ಯಾಪಕರಾದ ನಮ್ಮನ್ನು ಒತ್ತಾಯಿಸಿರಿ. ಇನ್ನೊಂದು ಎಚ್ಚರಿಕೆಯ ಮಾತು. ಹಣ ಕೊಟ್ಟರೆ ಮನೆಯಲ್ಲಿ ಕುಳಿತಲ್ಲಿಗೇ ಇಂಟರ್ನ್‌ಶಿಪ್ಪಿನ ಪ್ರಮಾಣಪತ್ರ ಕಳುಹಿಸುತ್ತೇವೆನ್ನುವವರು ಇದ್ದಾರೆ. ಕೆಲಸವನ್ನು ಕೊಡದೆ, ತಿದ್ದುವವರನ್ನು ಕೊಡದೆ, ಕಾಗದವನ್ನು ಮಾತ್ರ ಕೊಡುವಲ್ಲಿಗೆ ಮಕ್ಕಳನ್ನು ಕಳುಹಿಸಬೇಡಿರಿ.

ಸಂಘದಲ್ಲಿಯೂ ಒಂದು ಬೇಡಿಕೆ ಉಂಟು. ನಮ್ಮ ಕನ್ನಡ ಶಾಲೆಗಳಲ್ಲಿ ಓದಿ ಬೆಂಗಳೂರು, ಮಂಗಳೂರು, ಕೊಚ್ಚಿಗಳಲ್ಲಿ ಎಂಜಿನಿಯರರಾಗಿರುವವರ ಒಂದು ಪಟ್ಟಿಯನ್ನು ಮಾಡಿ, ಹೊಸದಾಗಿ ಹೋಗುವ ಪ್ರತಿಯೊಂದು ಮಗುವಿಗೂ ಒಬ್ಬ ಹಿರಿಯರನ್ನು ಗೊತ್ತುಮಾಡಿಕೊಟ್ಟರೆ, ಮೂರನೆಯ ವಾರದ ಆ ರಾತ್ರಿ ಮಕ್ಕಳಿಗೆ ಕರೆಯಲು ಒಂದು ಮನೆ ಇರುತ್ತದೆ. ಮೊದಲ ತಿಂಗಳ ಮುಂಗಡಕ್ಕಾಗಿ ಚಿಕ್ಕದೊಂದು ನಿಧಿಯನ್ನು ಕೂಡಿಸಿದರೆ, ತಾಯಂದಿರ ಉಳಿತಾಯಕ್ಕೆ ಕೈಯಿಕ್ಕುವ ಪ್ರಸಂಗ ಬಾರದು. ಮೊದಲ ಹೆಸರಾಗಿ ನಮ್ಮ ಆ ವಿದ್ಯಾರ್ಥಿಯು ತನ್ನ ಹೆಸರನ್ನು ಕೊಡಲು ಒಪ್ಪಿದ್ದಾನೆ.