ಗರ್ಭಗುಡಿಯಲ್ಲಿ ದೇವಿ, ಹೊಸ್ತಿಲಾಚೆ ಹೆಣ್ಣು



ಹೊಸಕೋಟೆಯವರಿಗೆ ಕರಗವೆಂದರೇನು ಎಂದು ವಿವರಿಸಬೇಕಾಗಿಲ್ಲ. ಬೆಂಗಳೂರಿನ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಚೈತ್ರ ಹುಣ್ಣಿಮೆಯ ರಾತ್ರಿ ಹೊರಡುವ ದ್ರೌಪದಮ್ಮನ ಕರಗ ಎಲ್ಲಕ್ಕಿಂತ ಹೆಸರಾದದ್ದು. ಹೊಸಕೋಟೆ, ಆನೇಕಲ್, ಮಾಲೂರು, ಕೋಲಾರಗಳಲ್ಲೂ ಕರಗ ನಡೆಯುತ್ತದೆ. ಮಲ್ಲಿಗೆಯ ಗೋಪುರದಂತಿರುವ ಕರಗ ಗುಡಿಯಿಂದ ಹೊರಬಂದ ಗಳಿಗೆಯಲ್ಲಿ ನೆರೆದ ಜನಕ್ಕೆ ಮೈಮೇಲೆ ಎಚ್ಚರವಿರುವುದಿಲ್ಲ. ಆ ಸಂಭ್ರಮದಲ್ಲಿ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಕರಗ ಹೊತ್ತವನ ಹೆಂಡತಿ ಎಲ್ಲಿ?

ಕಥೆ ಎಲ್ಲರಿಗೂ ಗೊತ್ತು. ಪಾಂಡವರು ಸ್ವರ್ಗಕ್ಕೆ ಹೊರಟಾಗ ಹಿಂದುಳಿದ ದ್ರೌಪದಿಗೆ ತಿಮಿರಾಸುರ ಎದುರಾದ. ಆಕೆ ಆದಿಶಕ್ತಿಯ ರೂಪ ತಾಳಿ ವೀರಕುಮಾರರನ್ನು ಸೃಷ್ಟಿಸಿ ಅವನನ್ನು ಸಂಹರಿಸಿದಳು. ತಾಯಿಯನ್ನು ಬಿಟ್ಟಿರಲಾರದ ಮಕ್ಕಳಿಗೆ ವರ್ಷಕ್ಕೊಮ್ಮೆ ಬರುವೆನೆಂದು ಮಾತು ಕೊಟ್ಟಳು. ಆ ವೀರಕುಮಾರರ ಸಂತತಿ ತಾವೆಂಬುದು ತಿಗಳರ ನಂಬಿಕೆ. ಗಂಡಂದಿರು ಮುಂದೆ ಹೋದ ಮೇಲೆ ಒಬ್ಬಂಟಿಯಾಗಿ ಗೆದ್ದ ಹೆಣ್ಣಿನ ಕಥೆಯಿದು.

ಆದರೆ ಆ ದೇವಿಯನ್ನು ತಲೆಯ ಮೇಲೆ ಹೊರುವವನು ಗಂಡಸು. ಅವನು ಸೀರೆಯುಟ್ಟು, ಬಳೆ ತೊಟ್ಟು, ಕುಂಕುಮವಿಟ್ಟು ಹೆಣ್ಣಾಗುತ್ತಾನೆ. ಹೆಂಡತಿಯ ತಾಳಿಯನ್ನೂ ಧರಿಸುತ್ತಾನೆ. ಉತ್ಸವ ಮುಗಿಯುವ ತನಕ ಆಕೆ ಅವನ ಕಣ್ಣಿಗೆ ಬೀಳಬಾರದು, ಕರಗವನ್ನು ನೋಡಬಾರದು ಎಂಬುದು ಸಂಪ್ರದಾಯ. ಊರಿಗೆಲ್ಲ ಮುತ್ತೈದೆಯಾಗಿ ದ್ರೌಪದಿ ಬರುವ ರಾತ್ರಿ, ಒಂದು ಮನೆಯ ಹೆಣ್ಣಿನ ಕೊರಳು ಬರಿದಾಗಿರುತ್ತದೆ.

ಇದನ್ನು ಅವಮಾನವೆನ್ನಬೇಕೇ? ಅವಸರದ ತೀರ್ಪು ಬೇಡ. ಗಂಡಸು ತನ್ನ ಗಂಡಸುತನವನ್ನು ಕಳಚಿಟ್ಟು ಹೆಣ್ತನಕ್ಕೆ ತಲೆಬಾಗುವ ಆಚರಣೆಗಳು ಲೋಕದಲ್ಲಿ ವಿರಳ. ಆ ಹೆಂಡತಿಯೂ ತನ್ನ ಪಾಲಿನದನ್ನು ವ್ರತವೆಂದೇ ತಿಳಿದಿರಬಹುದು. ಆರತಿ ದೀಪಗಳ ದಿನ ಹೆಂಗಸರು ದೀಪ ಹೊತ್ತು ಬರುತ್ತಾರೆ. ತಿಗಳರು ತೋಟಗಾರಿಕೆಗೆ ಹೆಸರಾದವರು. ಹೂವು ತರಕಾರಿಗಳ ಆ ದುಡಿಮೆಯಲ್ಲಿ ಹೆಂಗಸರ ಕೈ ದೊಡ್ಡದು. ಹೂವಿಗೆ ಬೇಕಾದ ಕೈ, ದೀಪಕ್ಕೆ ಬೇಕಾದ ತಲೆ, ಕರಗಕ್ಕೆ ಮಾತ್ರ ಏಕೆ ಬೇಡವೆಂಬುದು ಪ್ರಶ್ನೆ. ದೇವಿಯಾಗಿ ಹೆಣ್ಣು ಪೂಜ್ಯಳು, ಪೂಜಿಸುವವಳಾಗಿ ಅಲ್ಲ ಎಂಬುದು ಕರಗವೊಂದರ ಕಥೆಯಲ್ಲ, ನಾಡಿನ ಬಹುಪಾಲು ಗುಡಿಗಳ ಕಥೆ.

ಇಂಥ ಪ್ರಶ್ನೆ ಭಕ್ತಿಯಿಲ್ಲದವರದು ಎಂದು ತಳ್ಳಿಹಾಕುವುದುಂಟು. ಅಮೆರಿಕದ ಮಾರ್ಮನ್ ಪಂಥದ ಹೆಂಗಸರ ಅನುಭವ ಬೇರೆಯೇ ಹೇಳುತ್ತದೆ. 1830ರಲ್ಲಿ ಸ್ಥಾಪನೆಯಾದ ಆ ಪಂಥದಲ್ಲಿ ಪೌರೋಹಿತ್ಯ ಗಂಡಸರಿಗೆ ಮೀಸಲು. ಅವರ ದೇವಾಲಯದ ದೀಕ್ಷಾವಿಧಿಯಲ್ಲಿ ಹೆಂಗಸರು ಗಂಡನ ಮಾತಿಗೆ ಕಿವಿಗೊಡುವೆವೆಂದು ಪ್ರತಿಜ್ಞೆ ಮಾಡಬೇಕಿತ್ತು, ಪ್ರಾರ್ಥನೆಯ ಒಂದು ಘಟ್ಟದಲ್ಲಿ ಮುಖಕ್ಕೆ ಮುಸುಕು ಹಾಕಬೇಕಿತ್ತು. ಇದನ್ನು ನೋವಿನಿಂದ ಪ್ರಶ್ನಿಸಿದವರು ದೇವಾಲಯಕ್ಕೆ ನಿಷ್ಠೆಯಿಂದ ಹೋಗುತ್ತಿದ್ದ ಹೆಂಗಸರೇ. ಸಮಾನ ಹಕ್ಕುಗಳ ತಿದ್ದುಪಡಿಯ ಪರ ನಿಂತ ಸೋನಿಯಾ ಜಾನ್ಸನ್ 1979ರಲ್ಲಿ, ಹೆಂಗಸರಿಗೂ ಪೌರೋಹಿತ್ಯ ಬೇಕೆಂದ ಕೇಟ್ ಕೆಲ್ಲಿ 2014ರಲ್ಲಿ ಬಹಿಷ್ಕಾರಕ್ಕೆ ಒಳಗಾದರು. ಆದರೂ 2019ರಲ್ಲಿ ಆ ಪ್ರತಿಜ್ಞೆಯ ಮಾತು ಬದಲಾಯಿತು. ಅದೇ ವರ್ಷ ದೀಕ್ಷಾಸ್ನಾನಕ್ಕೂ ವಿವಾಹಕ್ಕೂ ಹೆಂಗಸರು ಸಾಕ್ಷಿಯಾಗಬಹುದೆಂದಾಯಿತು. ಪೌರೋಹಿತ್ಯ ಮಾತ್ರ ಸಿಗಲಿಲ್ಲ. ಕೇಳಿದವರು ಹೊರಗಾದರು, ಕೇಳಿದ್ದರಲ್ಲಿ ಕೊಂಚ ಒಳಗೆ ಬಂತು.

ಕನ್ನಡನಾಡಿಗೆ ಈ ಮಾತು ಹೊಸದಲ್ಲ. 12ನೆಯ ಶತಮಾನದ ಶರಣರು ಮುಟ್ಟು, ಹೆರಿಗೆಗಳ ಸೂತಕವನ್ನೇ ಒಪ್ಪಲಿಲ್ಲ. ಇಷ್ಟಲಿಂಗ ಗಂಡಿನ ಅಂಗೈಗೂ ಹೆಣ್ಣಿನ ಅಂಗೈಗೂ ಒಂದೇ ಆಗಿ ಬಂತು; ನಡುವೆ ಪೂಜಾರಿಯೂ ಇಲ್ಲ, ಹೊಸ್ತಿಲೂ ಇಲ್ಲ. ಅಕ್ಕಮಹಾದೇವಿ, ಸತ್ಯಕ್ಕ, ಅಕ್ಕಮ್ಮನಂಥ 30ಕ್ಕೂ ಹೆಚ್ಚು ವಚನಕಾರ್ತಿಯರು ಆ ಅಂಗಳದಿಂದ ಬಂದವರು. ಹತ್ತಿರದ ಕಾಲಕ್ಕೆ ಬಂದರೆ, ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠಾಪಿಸಿದ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಾಲಯದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರಾಗಿ ನೇಮಿಸಲಾಯಿತು. ಶುಭಕಾರ್ಯಕ್ಕೆ ಎದುರು ಬರಬಾರದೆನಿಸಿಕೊಂಡವರ ಕೈಯಿಂದಲೇ ಭಕ್ತರು ತೀರ್ಥ ಪ್ರಸಾದ ಪಡೆದರು.

ನ್ಯಾಯಾಲಯದ ದಾರಿಯೂ ಇದೆ, ಆದರೆ ಅದು ಸಲೀಸಲ್ಲ. ಶಬರಿಮಲೆಯಲ್ಲಿ 10ರಿಂದ 50 ವಯಸ್ಸಿನ ಹೆಂಗಸರಿಗಿದ್ದ ನಿರ್ಬಂಧವನ್ನು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 28ರಂದು 4–1ರ ಬಹುಮತದಿಂದ ತೆಗೆದುಹಾಕಿತು. ಆಗ ಭಿನ್ನಮತ ಬರೆದವರು ಪೀಠದಲ್ಲಿದ್ದ ಒಬ್ಬರೇ ಮಹಿಳಾ ನ್ಯಾಯಮೂರ್ತಿ, ಇಂದು ಮಲ್ಹೋತ್ರಾ. ನಂಬಿಕೆಯ ವಿಷಯವನ್ನು ಕೋರ್ಟು ತರ್ಕದ ತಕ್ಕಡಿಯಲ್ಲಿ ತೂಗಬಾರದೆಂಬುದು ಅವರ ನಿಲುವು. 2019ರಲ್ಲಿ ಕೆಲವು ಪ್ರಶ್ನೆಗಳು ವಿಸ್ತೃತ ಪೀಠಕ್ಕೆ ಹೋದವು. ತೀರ್ಪು ಬಾಗಿಲು ತೆರೆಯಬಲ್ಲದು. ಒಳಗಿರುವವರು ಬನ್ನಿ ಎನ್ನುವಂತೆ ಮಾಡಲಾರದು.

ಆ ಕರೆ ಬರಬೇಕಾದದ್ದು ಗುಡಿಯ ಒಳಗಿನಿಂದ, ಕುಲದ ಹಿರಿಯರ ಕೂಟದಿಂದ. ಅಲ್ಲಿ ಹೆಂಗಸರಿಗೂ ಒಂದು ಚಾಪೆ ಹಾಸಿದರೆ ಅರ್ಧ ದಾರಿ ಸವೆದಂತೆ. ಕರಗ ಹೊರುವ ಮನೆಯ ಹೆಣ್ಣುಮಗಳು ಆ ವ್ರತ ತನ್ನ ಇಷ್ಟದಿಂದಲೇ ಎಂದು ಹೇಳಬಹುದು. ಒಂದು ಸಲ ಕರಗವನ್ನು ಕಣ್ತುಂಬ ನೋಡುವಾಸೆ ಎಂದೂ ಹೇಳಬಹುದು. ಏನು ಹೇಳಿದರೂ ಅದು ಅವಳ ಮಾತಾಗಿರಬೇಕು. ತುಂಬಿದ ಸಭೆಯಲ್ಲಿ ನ್ಯಾಯ ಕೇಳಿದವಳು ದ್ರೌಪದಿ. ಅವಳ ಹಬ್ಬದಲ್ಲಿ ಹೆಣ್ಣು ಪ್ರಶ್ನೆ ಕೇಳಿದರೆ ತಾಯಿ ಮುನಿಯುವಳೆಂದು ನಂಬುವುದು ಕಷ್ಟ.